ಅತ್ತೆಯ ಸೋಮವಾರದ ಒಪ್ಪೊತ್ತು

ತ್ರಾಸಿಯಿಂದ ಸ್ವಲ್ಪ ಒಳಗೆ, ಹೆದ್ದಾರಿಯ ಲಾರಿಗಳ ಹಾರ್ನ್ ಕೇಳಿಸುವಷ್ಟು ದೂರದಲ್ಲಿ ನಮ್ಮ ರೇಷನ್ ಅಂಗಡಿ ಇದೆ. ಊರವರ ಬಾಯಲ್ಲಿ ಅದು ಸೊಸೈಟಿ. ಅಲ್ಲಿ ಅಕ್ಕಿ ತೂಗುವವಳು ನಾನು. ಹತ್ತೊಂಬತ್ತು ವರ್ಷದಿಂದ ತೂಗುತ್ತಿದ್ದೇನೆ. ಯಾವ ಮನೆಯವರು ಚೀಲ ಮರೆತು ಬರುತ್ತಾರೆ, ಯಾರು ಕನ್ನಡಕ ಏರಿಸಿಕೊಂಡು ತೂಕದ ಅಂಕಿಯನ್ನು ಮೂರು ಸಲ ಓದುತ್ತಾರೆ, ಎಲ್ಲ ನನಗೆ ಬಾಯಿಪಾಠ. ಊರನ್ನು ಇಷ್ಟು ಚೆನ್ನಾಗಿ ತಿಳಿದವಳು ನಾನೊಬ್ಬಳೇ ಎಂಬ ಜಂಬವೂ ನನಗಿತ್ತು. ಆ ಜಂಬ ಇಳಿದ ಕಥೆ ಇದು.

ನಮ್ಮ ಕಡೆಯವರಿಗೆ ಊಟವೆಂದರೆ ಕುಚಲಕ್ಕಿ. ಬೇಯಿಸಿ ಒಣಗಿಸಿದ ಭತ್ತದ, ಕೆಂಪು ಗೆರೆಯ ದಪ್ಪ ಅಕ್ಕಿ. ಸೊಸೈಟಿಗೆ ಬರುವುದು ಹೆಚ್ಚಾಗಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಅದು ದೋಸೆಗೆ ಆಗುತ್ತದೆ, ಸಂಡಿಗೆಗೆ ಆಗುತ್ತದೆ, ನೆಂಟರು ಬಂದಾಗ ಪಾಯಸಕ್ಕೂ ಆಗುತ್ತದೆ. ಆದರೆ ಅದರ ಗಂಜಿ ಉಂಡರೆ ನಮ್ಮವರಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಹಾಗಾಗಿ ಅನುಕೂಲಸ್ಥರಾದ ಕೆಲವು ಮನೆಯವರು ತಿಂಗಳಿಗೊಮ್ಮೆ ಬಂದು, ಯಂತ್ರದ ಮೇಲೆ ಹೆಬ್ಬೆರಳು ಒತ್ತಿ, ಅಕ್ಕಿ ಬೇಡ ಎಂದು ಕೈಬೀಸಿ ಹೋಗುತ್ತಿದ್ದರು. ಬೆರಳು ಒತ್ತದಿದ್ದರೆ ಕಾರ್ಡು ರದ್ದಾದೀತೆಂಬ ಭಯ. ಕಾರ್ಡು ಹೋದರೆ ಆಸ್ಪತ್ರೆಯ ರಿಯಾಯಿತಿ ಹೋದೀತೆಂಬ ಇನ್ನೊಂದು ಭಯ. ಅಂಥ ನಾಲ್ಕು ಮನೆಗಳಿದ್ದವು. ಅವರ ಅಕ್ಕಿ ನನ್ನ ಅಂಗಡಿಯ ಮೂಲೆಯ ಚೀಲಕ್ಕೆ ಹೋಗುತ್ತಿತ್ತು.

ಆ ಚೀಲದಿಂದ ನಾನು ಒಂದು ಕಾಳನ್ನೂ ಮನೆಗೆ ಒಯ್ದವಳಲ್ಲ, ಮಾರಿದವಳೂ ಅಲ್ಲ. ಅದು ಹೋಗುತ್ತಿದ್ದುದು ನಮ್ಮ ಓಣಿಗೆ ಮೀನು ತರುವ ಹೆಂಗಸಿನ ಮನೆಗೆ. ಕಡಲ ಬದಿಯ ಆ ಮನೆಯಲ್ಲಿ ಉಣ್ಣುವವರು ಎಂಟು ಮಂದಿ, ಕಾರ್ಡಿನಲ್ಲಿ ಇರುವ ಹೆಸರು ಮೂರು. ಸೊಸೆಯಂದಿರ, ಮೊಮ್ಮಕ್ಕಳ ಹೆಸರು ಸೇರಿಸಲು ಕೊಟ್ಟ ಅರ್ಜಿ ಎಲ್ಲಿ ಮಲಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ನಾನು ಅವಳಿಗೆ, “ಇದು ಸರ್ಕಾರದಿಂದ ಬಂದ ಹೆಚ್ಚುವರಿ ಅಕ್ಕಿ, ಮೀನುಗಾರರಿಗೆ ಅಂತಲೇ” ಎಂದು ಹೇಳಿ ಕೊಡುತ್ತಿದ್ದೆ. ಹಾಗೆ ಹೇಳದಿದ್ದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ನಿಯಮಕ್ಕೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಆದರೂ ಪ್ರತಿ ತಿಂಗಳು ಆ ಚೀಲ ಖಾಲಿಯಾದಾಗ, ನಿಜ ಹೇಳಬೇಕೆಂದರೆ, ನಾನೇ ದೊಡ್ಡ ದಾನಿ ಎಂಬಂತೆ ಬೆನ್ನು ನೇರ ಮಾಡಿಕೊಂಡು ಮನೆಗೆ ನಡೆಯುತ್ತಿದ್ದೆ.

ಆಮೇಲೆ ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು.

ನಮ್ಮೂರಿಗೂ ಗಡಿಗೂ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ಎಲ್ಲರ ಮನೆಯ ಟೀವಿಯಲ್ಲೂ ಸೈರನ್ ಕೂಗುತ್ತಿತ್ತು. ದೂರ ಹೋಗಬೇಡಿ ಎಂದು ದೋಣಿಗಳಿಗೆ ಸೂಚನೆ ಬಂತು. ಮೀನು ಹೆಂಗಸಿನ ಇಬ್ಬರು ಮಕ್ಕಳು ಕೆಲಸಕ್ಕೆ ಹೋಗುವ ಬೋಟು ದಡದಲ್ಲೇ ನಿಂತಿತು. ಬ್ರಹ್ಮಾವರದಲ್ಲಿ ಕುಚಲಕ್ಕಿ ಮುಗಿಯಿತಂತೆ ಎಂದು ಒಬ್ಬರು, ಬೈಂದೂರಿನಲ್ಲಿ ಉಪ್ಪಿಗೂ ಸಾಲು ನಿಂತಿದ್ದಾರಂತೆ ಎಂದು ಇನ್ನೊಬ್ಬರು. ಫೋನಿನಲ್ಲಿ ಬಂದ ಸುದ್ದಿ ಫೋನಿನಲ್ಲೇ ದೊಡ್ಡದಾಗುತ್ತಾ ಹೋಯಿತು. ದೇಶದಲ್ಲಿ ಅಕ್ಕಿ, ಗೋಧಿ ಬೇಕಾದಷ್ಟು ಇದೆ, ಯಾರೂ ಗಾಬರಿಯಿಂದ ಕೊಳ್ಳಬೇಡಿ, ಅಕ್ರಮ ದಾಸ್ತಾನು ಮಾಡಿದರೆ ಕ್ರಮ ಕೈಗೊಳ್ಳುತ್ತೇವೆ ಎಂದು ಸರ್ಕಾರ ಹೇಳಿತು. ಆ ಪ್ರಕಟಣೆಯನ್ನು ನಾನೇ ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಅಂಟಿಸುವಾಗ ನಗು ಬಂತು. ಮಳೆಗಾಲಕ್ಕೆ ಮುಂಚೆ ಅಕ್ಕಿ, ಒಣಮೀನು, ಹಪ್ಪಳ, ಸಂಡಿಗೆ, ಸೌದೆ ಎಂದು ಅಟ್ಟದ ತನಕ ತುಂಬಿಸುವ ಊರು ನಮ್ಮದು. ದಾಸ್ತಾನು ಮಾಡಬೇಡಿ ಎಂದರೆ ಇಲ್ಲಿನ ಹೆಂಗಸರು ಮೇ ತಿಂಗಳಿಡೀ ಮಾಡುವುದಾದರೂ ಏನು?

ಮಂಗಳವಾರ ನಮಗೆ ವಾರದ ರಜೆ. ಆ ವಾರ ರಜೆ ಇಲ್ಲ, ಅಂಗಡಿ ತೆರೆದೇ ಇರಬೇಕು, ಮಂಗಳವಾರ ಆಹಾರ ನಿರೀಕ್ಷಕರು ದಾಸ್ತಾನು ನೋಡಲು ಬರುತ್ತಾರೆ ಎಂದು ತಾಲೂಕು ಕಚೇರಿಯಿಂದ ಫೋನು ಬಂತು. ಬರಲಿ ಎಂದುಕೊಂಡೆ. ಯಂತ್ರದಲ್ಲಿ ಇರುವುದಕ್ಕೂ ಗೋಣಿಯಲ್ಲಿ ಇರುವುದಕ್ಕೂ ತಾಳೆ ಇತ್ತು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಾಗ ಮೆಟ್ಟಿಲ ಬಳಿ ಒಂದು ಕಾರು ನಿಂತಿತ್ತು. ಘಟ್ಟದ ಮೇಲೆ ಹೋಟೆಲು ಇಟ್ಟಿರುವ ಮನೆಯ ಯಜಮಾನತಿ ಇಳಿದು ಬಂದರು. ಬೆರಳು ಒತ್ತಿ ಹೋಗುವ ನಾಲ್ಕು ಮನೆಗಳಲ್ಲಿ ಅವರದು ಮೊದಲನೆಯದು.

“ಹ್ವಾಯ್, ನಮ್ ಅಕ್ಕಿ ಕೊಡಿ ಕಾಂಬ” ಎಂದರು.

“ನೀವು ಈ ತಿಂಗಳು ತಂಬ್ ಕೊಟ್ಟು ಆಗಿದೆಯಲ್ಲ ಅಮ್ಮ” ಎಂದೆ.

“ತಂಬ್ ಕೊಟ್ಟದ್ ಹೌದ್. ಅಕ್ಕಿ ತಕಂಡ್ ಹೋಯ್ಲಿಲ್ಲೆ ಅಲ್ದಾ? ಅದನ್ನೇ ಕೇಂತಿಪ್ದ್. ಯುದ್ಧ ಎಷ್ಟ್ ದಿನ ನಡಿತ್ತೋ ಯಾರಿಗ್ ಗೊತ್ತ್? ಬೆಳ್ತಿಗೆಯಾದ್ರೂ ಅಕ್ಕಿಯೇ.”

ಮೂಲೆಯ ಚೀಲ ಖಾಲಿ. ಅದು ವಾರದ ಹಿಂದೆಯೇ ಮೀನು ಹೆಂಗಸಿನ ಮನೆ ಸೇರಿತ್ತು. ಉಳಿದ ಗೋಣಿಗಳೆಲ್ಲ ಇನ್ನೂ ಬೆರಳು ಒತ್ತದವರ ಪಾಲು. ಅದರಿಂದ ತೆಗೆದುಕೊಟ್ಟರೆ ಸಾಲಿನ ಕೊನೆಯಲ್ಲಿ ನಿಂತವರಿಗೆ ಖಾಲಿ ಕೈ ತೋರಿಸಬೇಕಾಗುತ್ತದೆ. “ನಾಳೆ ಬನ್ನಿ ಅಮ್ಮ, ಗೋಣಿ ಬಿಚ್ಚಿ ಇಡುತ್ತೇನೆ” ಎಂದು ಸುಳ್ಳು ಹೇಳಿದೆ. ಮಧ್ಯಾಹ್ನದೊಳಗೆ ಉಳಿದ ಮೂರು ಮನೆಯವರೂ ಬಂದು ಅದೇ ಮಾತು ಆಡಿದರು. ಅವರಿಗೂ ಅದೇ ಸುಳ್ಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ, ತಲೆಯಲ್ಲಿ ಒಂದೇ ಲೆಕ್ಕ. ನಾಳೆ ನಿರೀಕ್ಷಕರ ಎದುರಿಗೇ ಆ ನಾಲ್ವರು ಅಕ್ಕಿ ಕೇಳುತ್ತಾರೆ. ಯುದ್ಧದ ದಿನಗಳಲ್ಲಿ ಜನರ ಅಕ್ಕಿ ಮಾಯ ಮಾಡಿದವಳು ಎಂದು ನನ್ನ ಹೆಸರು ಪತ್ರಿಕೆಗೆ ಹೋಗುತ್ತದೆ. ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಟ್ಟ ಅಕ್ಕಿಯನ್ನು ವಾಪಸು ಕೇಳಲು ಯಾರಾದರೂ ಆ ಮೀನು ಹೆಂಗಸಿನ ಬಾಗಿಲಿಗೆ ಹೋದರೆ ಎಂಬ ಹೆದರಿಕೆ.

ಅತ್ತೆ ಒಳಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ಎಂಬತ್ತು ದಾಟಿದೆ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೋಮವಾರವಾದ್ದರಿಂದ ಅವರಿಗೆ ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ, ರಾತ್ರಿಗೆ ಇಲ್ಲ. ರಾತ್ರಿ ಬೇಯಬೇಕಾಗಿದ್ದ ತಮ್ಮ ಪಾಲಿನ ಕುಚಲಕ್ಕಿಯನ್ನು ಹಿಡಿಯಲ್ಲಿ ಅಳೆದು ಒಂದು ಹಳೆಯ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ನಾನು ಮದುವೆಯಾಗಿ ಬಂದ ದಿನದಿಂದ ನೋಡುತ್ತಿರುವ ವ್ರತ. ಈಶ್ವರನಿಗೆ ಎಂದು ನಾನೇ ಅಂದುಕೊಂಡಿದ್ದೆ. ಕೇಳುವ ಅಗತ್ಯ ಕಂಡಿರಲಿಲ್ಲ.

ಆ ದಿನವೂ ಅವರು ಡಬ್ಬದ ಮುಚ್ಚಳ ತೆಗೆಯುತ್ತಿದ್ದರು. ನಾನು ಎದುರಿಗೆ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಹಾಕಿ, ಮುಚ್ಚಳ ಒತ್ತಿ, ಕೈ ಕೊಡವಿಕೊಂಡರು.

“ಈ ಒಪ್ಪೊತ್ತ್ ಎಂತಕ್ ಅಂದ್ ನಿಂಗ್ ಗೊತ್ತಿತ್ತಾ?” ಎಂದು ಕೇಳಿದರು.

“ದೇವರಿಗಲ್ಲವಾ ಅತ್ತೆ?”

“ದೇವ್ರಿಗೆ ನಾನ್ ಉಂಡ್ರೆ ಎಂತ, ಬಿಟ್ರೆ ಎಂತ? ಇದ್ ಯುದ್ಧದ್ದ್.”

ಅವರು ಹೊಸ ಮದುಮಗಳಾಗಿ ಈ ಮನೆಗೆ ಬಂದ ವರ್ಷವೂ ಗಡಿಯಲ್ಲಿ ಯುದ್ಧವಿತ್ತಂತೆ. ಆಗ ದೇಶದಲ್ಲಿ ನಿಜವಾಗಿಯೂ ಅಕ್ಕಿಗೆ ಬರ. ಭತ್ತ ಬೆಳೆದವರ ಮನೆಗೆ ಲೆವಿ, ಅಂದರೆ ಸರ್ಕಾರಕ್ಕೆ ಕೊಡಲೇಬೇಕಾದ ಪಾಲಿನ ಭತ್ತ, ವಸೂಲಿಗೆ ಅಧಿಕಾರಿಗಳು ಬರುತ್ತಿದ್ದರು. ಒಂದು ತಾಲೂಕಿನಿಂದ ಇನ್ನೊಂದಕ್ಕೆ ಅಕ್ಕಿ ಸಾಗಿಸಲು ಪರವಾನಗಿ ಬೇಕಿತ್ತು. ಒಂದು ದಿನ ಶಾಲೆಯ ಮಾಸ್ತರರು ಮನೆಮನೆಗೆ ಬಂದು, ದೆಹಲಿಯಲ್ಲಿರುವ ದೊಡ್ಡವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನೇ ಕೇಳಿಕೊಂಡಿದ್ದಾರೆ ಎಂದರು. ಊರಿಗೆ ಊರೇ ಸೋಮವಾರ ರಾತ್ರಿ ಒಲೆ ಹಚ್ಚಲಿಲ್ಲ. ಉಳಿದ ಅಕ್ಕಿಯನ್ನು ಮಾಸ್ತರರು ಬುಟ್ಟಿಯಲ್ಲಿ ಕೂಡಿಸಿ, ಗದ್ದೆ ಇಲ್ಲದ ಕಡಲ ಬದಿಯ ಮನೆಗಳಿಗೆ ಕಳಿಸಿದರು.

“ಮತ್ತೆ ಯುದ್ಧ ಮುಗಿಯಿತಲ್ಲ ಅತ್ತೆ!”

“ಬಿಡಿ ಅಂದ್ ಹೇಳುಕೆ ಮಾಸ್ತ್ರ್ ಬಂದಿದ್ರ್. ಇನ್ನ್ ಉಣ್ಣಿ ಅಂದ್ ಹೇಳುಕೆ ಯಾರೂ ಬರ್ಲಿಲ್ಲೆ” ಎಂದರು ಅತ್ತೆ.

ಹೇಳಿದ್ದು ತಮಾಷೆಗೆ ಇರಬಹುದೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಸರ್ಕಾರ ಕೇಳಿತ್ತು, ಕೊಟ್ಟರು. ಸಾಕು ಎಂದು ಸರ್ಕಾರ ಹೇಳಲಿಲ್ಲ, ಇವರು ನಿಲ್ಲಿಸಲಿಲ್ಲ. ಅಷ್ಟೇ. ಊರಿನ ಉಳಿದ ಒಲೆಗಳೆಲ್ಲ ಮತ್ತೆ ಹೊತ್ತಿಕೊಂಡು ಎಷ್ಟು ಕಾಲವಾಯಿತೋ. ಈ ಒಂದು ಮನೆಯಲ್ಲಿ, ಈ ಒಬ್ಬಳು ಹೆಂಗಸು, ಯಾರಿಗೂ ಹೇಳದೆ ಆ ಮಾತನ್ನು ಉಳಿಸಿಕೊಂಡು ಬಂದಿದ್ದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

“ಅಳ್ಬ್ಯಾಡ ಮಾರಾಯ್ತಿ. ಈ ಡಬ್ಬದ ಅಕ್ಕಿ ಮಳೆಗಾಲಕ್ ಮುಂಚೆ ಎಲ್ಲಿಗ್ ಹೋತ್ತ್ ಹೇಳ್ ಕಾಂಬ.”

ಅದು ನನಗೆ ಗೊತ್ತಿತ್ತು. ಅದೇ ಮೀನು ಹೆಂಗಸಿನ ಮನೆಗೆ. ಮೊದಲು ಅವಳ ಅತ್ತೆಗೆ, ಈಗ ಅವಳಿಗೆ.

“ಅವ್ಳ್ ಅದಕ್ಕೆ ಒಣ್ಮೀನ್ ತಂದ್ ಕೊಡ್ತ್ಲ್. ಒಂದ್ ವರ್ಷವೂ ಬರಿಗೈಲಿ ತಕಂಡವಳಲ್ಲ. ನಾನ್ ಕೊಟ್ಟದ್ ನನ್ನ್ ಪಾಲಿದ್. ನೀನ್ ಕೊಟ್ಟದ್ ಯಾರ್ ಪಾಲಿದ್? ಅದೂ ಸರ್ಕಾರದ್ದ್ ಅಂದ್ ಸುಳ್ಳ್ ಹೇಳಿ! ನಾಳೆ ಹೋಯಿ ಇದ್ದದ್ ಇದ್ದಾಂಗ್ ಹೇಳ್.”

ಬೈದ ಹಾಗೆ ಇರಲಿಲ್ಲ. ಆದರೂ ಹತ್ತೊಂಬತ್ತು ವರ್ಷ ನೇರವಾಗಿ ನಡೆದ ನನ್ನ ಬೆನ್ನು ಅಲ್ಲೇ ಬಾಗಿತು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಮುಂದೆ ದೊಡ್ಡ ಸಾಲು. ನಾಲ್ಕು ಮನೆಯವರೂ ಇದ್ದರು. ಸಾಲಿನ ನಡುವೆ ಮೀನು ಹೆಂಗಸೂ ಖಾಲಿ ಚೀಲ ಹಿಡಿದು ನಿಂತಿದ್ದಳು. ಬುಟ್ಟಿ ಇಲ್ಲದೆ ಅವಳನ್ನು ನಾನು ನೋಡಿದ್ದು ಕಡಿಮೆ. ಅವಳು ಇಲ್ಲದಿದ್ದರೆ ಹೇಳುವುದು ಸುಲಭವಿತ್ತು. ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟೆ. ಬೆರಳು ಒತ್ತಿ ಬಿಟ್ಟುಹೋದ ಅಕ್ಕಿಯನ್ನು ನಾನು ಬೇರೆ ಮನೆಗೆ ಕೊಟ್ಟಿದ್ದೇನೆ, ತಪ್ಪು ನನ್ನದು, ಮುಂದಿನ ತಿಂಗಳಿನಿಂದ ನನ್ನ ಕಾರ್ಡಿನ ಅಕ್ಕಿಯಲ್ಲಿ ತೀರಿಸುತ್ತಾ ಬರುತ್ತೇನೆ ಎಂದೆ. ಯಾವ ಮನೆ ಎಂದು ಹೇಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಹೋಟೆಲು ಮನೆಯ ಯಜಮಾನತಿ, ಇಂಥ ಕಾಲದಲ್ಲಿ ಹೀಗೆ ಮಾಡಿದರೆ ದೂರು ಕೊಡದೆ ಬಿಡುವುದಿಲ್ಲ ಎಂದು ದನಿ ಏರಿಸುತ್ತಿರುವಾಗಲೇ ಮೀನು ಹೆಂಗಸು ಸಾಲು ಬಿಟ್ಟು ಮುಂದೆ ಬಂದಳು. ನನ್ನ ಮುಖವನ್ನೇ ನೋಡಿದಳು.

“ಸರ್ಕಾರದ್ದ್ ಅಂದ್ರಿ ಅಲ್ದಾ ಅಕ್ಕ? ನಾನೆಂತ ನಿಮ್ಮತ್ರ ಬೇಡುಕೆ ಬಂದಿದ್ನಾ?”

ಅವಳು ತಿರುಗಿ ನಡೆದುಬಿಟ್ಟಳು. ಆ ಹೊತ್ತಿನಲ್ಲಿ ಕೆಲಸ ಹೋದರೂ ಹೋಗಲಿ ಎನಿಸಿತು. ಅವಳ ಮುಖ ನೋಡುವುದು ಅದಕ್ಕಿಂತ ಕಷ್ಟವಾಗಿತ್ತು. ಮುಂದಿನವರ ಚೀಲ ಹಿಡಿದು ತೂಗತೊಡಗಿದೆ.

ಅರ್ಧ ಗಂಟೆಯಲ್ಲಿ ಅವಳು ಆಟೋದಲ್ಲಿ ವಾಪಸು ಬಂದಳು. ಒಂದು ಗೋಣಿ, ಒಂದು ಬಕೆಟು, ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು. ಎಲ್ಲವನ್ನೂ ಹೋಟೆಲು ಮನೆಯವರ ಕಾಲ ಬಳಿ ಇಟ್ಟಳು.

“ಕಾಣಿ ಅಮ್ಮ. ಸ್ವಲ್ಪ ಹೊಟ್ಟಿಗ್ ಹೋಯ್ತ್. ಸ್ವಲ್ಪ ಸಂಡ್ಗಿ ಆಯ್ತ್, ಈ ಗಂಟಲ್ಲಿತ್ತ್. ಉಳ್ದದ್ ಇದ್. ತಕಂಡ್ ಹೋಯ್ನಿ.”

ಗಂಟು ಬಿಚ್ಚಿದಳು. ಬೆಳ್ಳಗೆ ಒಣಗಿದ ಸಂಡಿಗೆ, ಜೀರಿಗೆಯ ಪರಿಮಳ. ಯಜಮಾನತಿ ಸಂಡಿಗೆಯನ್ನು ನೋಡಿದರು, ಅವಳನ್ನು ನೋಡಿದರು. ಇಪ್ಪತ್ತು ವರ್ಷದಿಂದ ಅವರ ಮನೆಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದವಳು, ಒಂದೊಂದು ಮೀನಿಗೂ ಅವರ ಜೊತೆ ಜಗಳ ಕಾದವಳು. ಇಬ್ಬರೂ ಒಬ್ಬರನ್ನೊಬ್ಬರು ಬುಟ್ಟಿಯ ಎರಡು ಬದಿಯಿಂದ ಮಾತ್ರ ಬಲ್ಲವರು.

“ಬೋಟ್ ಹೋಗ್ದೆ ಎಷ್ಟ್ ದಿನ ಆಯ್ತ್ ಮಾರಾಯ್ತಿ?” ಎಂದು ಕೊನೆಗೆ ಕೇಳಿದರು.

“ಆರ್ ದಿನ.”

“ನಮ್ಮನ್ಯಂಗೂ ಮೀನಿಲ್ದೆ ಆರ್ ದಿನ. ಊಟವೇ ಸೇರೂದಿಲ್ಲೆ.” ಗೋಣಿಯನ್ನು ಅವಳ ಕಡೆಗೆ ಸರಿಸಿದರು. “ಅಕ್ಕಿ ನೀನೇ ಇಟ್ಕೋ. ಬೋಟ್ ಹೋದ್ ಕೂಡ್ಲೆ ಇದಕ್ ಸಮ ಬಂಗ್ಡಿ ಮೀನ್ ತಂದ್ ಕೊಡ್. ಮೂರ್ ಸೇರಿಗೆ ಹತ್ತ್.”

ಮೀನು ಹೆಂಗಸಿನ ಬಗ್ಗಿದ ತಲೆ ಒಮ್ಮೆಲೇ ಮೇಲೆದ್ದಿತು. “ಹತ್ತಾ! ಈ ಬೆಳ್ತಿಗೆಗೆ ಹತ್ತ್ ಬಂಗ್ಡಿಯಾ? ಎಂತ ಅಮ್ಮ, ಕಲ್ಲ್ ಆರ್ಸುಕೇ ನಂಗ್ ಎರಡ್ ದಿನ ಹಿಡ್ದಿತ್. ನಾಲ್ಕ್.”

“ನಾಲ್ಕಾ? ಎಂಟ್ ಕೊಡ್.”

“ಐದ್. ದೊಡ್ಡದ್ ಬಂದ್ರೆ ನಾಲ್ಕೇ.”

ಆರಕ್ಕೆ ಮಾತು ನಿಂತಿತು. ಸಾಲಿಗೆ ಸಾಲೇ ನಗುತ್ತಿತ್ತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬಂದಾಗ ಇದ್ದವಳೇ ಅಲ್ಲ ಎನ್ನುವ ಹಾಗೆ ನಿಂತಿದ್ದಳು. ಕೊಡುವುದು ಹೇಗೆ ಎಂದು ನನಗಿಂತ ಆ ಕಾರಿನ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ ಎಂದರೆ ಸುಳ್ಳಾದೀತು. ಉಳಿದ ಮೂರು ಮನೆಗಳಲ್ಲಿ ಎರಡು ಮನೆಯವರು ಅದೇ ಲೆಕ್ಕಕ್ಕೆ ಒಪ್ಪಿದರು. ಒಬ್ಬರು ಮಾತ್ರ ತಮ್ಮ ಪಾಲನ್ನು ಚೀಲಕ್ಕೆ ಸುರಿಸಿಕೊಂಡು ಹೋದರು. ಅದು ಅವರ ಹಕ್ಕು, ನಾನು ಸರಿಯಾಗಿ ತೂಗಿಯೇ ಕೊಟ್ಟೆ.

ಮಧ್ಯಾಹ್ನ ನಿರೀಕ್ಷಕರು ಬಂದರು. ಗೋಣಿ ಎಣಿಸಿದರು, ಯಂತ್ರ ನೋಡಿದರು, ಎಲ್ಲ ಸರಿ ಇದೆ ಎಂದು ಬರೆಯಲು ಪೆನ್ನು ತೆಗೆದರು. ಬಾಯಿ ಮುಚ್ಚಿ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅತ್ತೆ ಇದ್ದದ್ದು ಇದ್ದ ಹಾಗೆ ಎಂದಿದ್ದರು. ನಾನು ಹೇಳಿದೆ, ಅವರು ನೀರು ಕುಡಿದು, ಚೆನ್ನಾಗಿ ಬೈದರು. ಇನ್ನು ಮುಂದೆ ಅಕ್ಕಿ ಒಯ್ಯದವರ ಬೆರಳು ಒತ್ತಿಸಬಾರದು ಎಂದು ನನ್ನಿಂದ ಬರೆಸಿಕೊಂಡು ಎಚ್ಚರಿಕೆಯ ಪತ್ರ ಕೊಟ್ಟರು. ಮೀನು ಹೆಂಗಸಿನ ಮನೆಯ ಆ ಮಲಗಿದ ಅರ್ಜಿಯ ಸಂಖ್ಯೆಯನ್ನೂ ಕೇಳಿ ಬರೆದುಕೊಂಡರು. ಮಳೆಗಾಲ ಹತ್ತಿರವಿರುವುದರಿಂದ ಮುಂದಿನ ತಿಂಗಳ ಅಕ್ಕಿಯನ್ನೂ ಈಗಲೇ ಹಂಚಲು ಆದೇಶ ಬರುತ್ತಿದೆ, ಗೋದಾಮಿನಲ್ಲಿ ಅಕ್ಕಿ ತುಂಬಾ ಇದೆ, ಜನರಿಗೆ ಧೈರ್ಯ ಹೇಳಿ ಎಂದರು. ಅವರ ಬೈಗುಳಕ್ಕಿಂತ ಆ ಮಾತು ನನಗೆ ಹೆಚ್ಚು ನೆನಪಿದೆ. ಎರಡು ದಿನದಲ್ಲಿ ಲಾರಿ ಬಂದೇ ಬಂತು.

ಆ ದಿನ ನಿರೀಕ್ಷಕರು ಹೊರಡುವ ಮೊದಲು ಇನ್ನೊಂದು ಕೇಳಿದೆ. ಅತ್ತೆಯ ಸೋಮವಾರದ ವಿಷಯ. ಮೊದಲು ನಕ್ಕರು. ಆಮೇಲೆ ಚೀಲದಿಂದ ಹಾಳೆ ತೆಗೆದು, ಊಟ ಬಿಟ್ಟದ್ದಕ್ಕೆ ದೇಶ ಋಣಿಯಾಗಿದೆ, ಇನ್ನು ಮುಂದೆ ತಾವು ಸೋಮವಾರ ರಾತ್ರಿಯೂ ಊಟ ಮಾಡಬಹುದು ಎಂದು ದುಂಡಗೆ ಬರೆದು, ಸಹಿ ಹಾಕಿ, ಮೊಹರೂ ಒತ್ತಿದರು.

ಆ ವಾರದೊಳಗೆ ಗಡಿಯಲ್ಲಿ ಸದ್ದು ನಿಂತಿತು. ಬೋಟುಗಳು ಹೊರಟವು. ಮೀನು ಹೆಂಗಸು ನನ್ನ ಬಳಿ ಮಾತು ಬಿಟ್ಟಿದ್ದು ಐದು ದಿನ. ಆರನೆಯ ದಿನ ನಮ್ಮ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ, “ಇನ್ನ್ ಮೇಲ್ ನಂಗ್ ಸುಳ್ಳ್ ಹೇಳ್ಬೇಡಿ ಅಕ್ಕ, ಬೈದೇ ಬಿಡ್ತೆ” ಎಂದು ಬೈದೇ ಬಿಟ್ಟಳು. ನನಗೆ ಹಾಯೆನಿಸಿತು.

ಮುಂದಿನ ಸೋಮವಾರ ಸಂಜೆ ಅತ್ತೆಯ ಕೈಗೆ ಆ ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಅಂತೂ ಬಂದ್ ಹೇಳಿದ್ರಲೆ” ಎಂದರು. ಬಟ್ಟಲಿಗೆ ಗಂಜಿ ಬಡಿಸಿದೆ, ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ. ನಿಧಾನಕ್ಕೆ, ಒಂದು ಅಗುಳೂ ಬಿಡದೆ ಉಂಡರು. ನಾನು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ಅಷ್ಟು ಸಂತೋಷ ನನಗೆ ಬೇರೆ ಯಾವ ಊಟ ಬಡಿಸಿದಾಗಲೂ ಆದದ್ದಿಲ್ಲ.

ಅದರ ಮುಂದಿನ ಸೋಮವಾರ ಬಡಿಸಲು ಹೋದರೆ ಅತ್ತೆ ಬಟ್ಟಲು ಮಗುಚಿ ಇಟ್ಟಿದ್ದರು. ತೊಡೆಯ ಮೇಲೆ ಅದೇ ತಗಡಿನ ಡಬ್ಬ.

“ಸರ್ಕಾರ ಉಣ್ಣಿ ಅಂದ್ ಬರೆದು ಕೊಟ್ಟಿದೆಯಲ್ಲ ಅತ್ತೆ!” ಎಂದೆ.

“ಸರ್ಕಾರದ್ ಮುಗಿತ್. ಇದ್ ನನ್ನದ್” ಎಂದು ತಮ್ಮ ಹಿಡಿ ಅಕ್ಕಿ ಹಾಕಿದರು. ಆಮೇಲೆ ಮುಚ್ಚಳ ಹಾಕದೆ ಡಬ್ಬವನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು.

ನಾನು ಒಳಗೆ ಹೋಗಿ, ನನ್ನ ರಾತ್ರಿಯ ಪಾಲಿನ ಅಕ್ಕಿಯನ್ನು ಹಿಡಿಯಲ್ಲಿ ತಂದು ಅದರೊಳಗೆ ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಕೊಟ್ಟ ಅಕ್ಕಿಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ ಹಿಡಿ. ಆ ರಾತ್ರಿ ನನಗೆ ಚೆನ್ನಾಗಿಯೇ ಹಸಿವಾಯಿತು.